ತುದಿ ಬಿಟ್ಟು ಸವರುವ ವಿದ್ಯೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ರಸ್ತೆಗಳು ಕೂಡುವ ರಿಪ್ಪನ್‌ಪೇಟೆಯ ಸುತ್ತ ಹರೆ ಸವರುವುದು ಹೊಸ ಕಸುಬೇನಲ್ಲ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಕೊಟ್ಟಿಗೆಯಲ್ಲಿ ಹಾಸುವ ಸೊಪ್ಪು ಬೇಕು, ಸೊಪ್ಪು ಬೇಕೆಂದರೆ ಬೆಟ್ಟದ ಮರ ಹತ್ತಲೇಬೇಕು. ಸೊಪ್ಪಿನಬೆಟ್ಟದಲ್ಲಿ ಮರದ ಅಂದವನ್ನು ಯಾರೂ ಕೇಳುವುದಿಲ್ಲ. ಆದರೂ ಬಲ್ಲವರು ತುದಿ ಬಿಟ್ಟೇ ಸವರುತ್ತಾರೆ. ಈ ತಿಳಿವಳಿಕೆ ಶಾಲೆ, ಕಚೇರಿಗಳ ಕಾಂಪೌಂಡಿನಲ್ಲಿ ಸಾಲಾಗಿ ನಿಂತ ಕಂಬದ ಅಶೋಕಕ್ಕೂ ಸಿಗಬೇಕು. ಅಲಂಕಾರಕ್ಕೆಂದೇ ನೆಟ್ಟ ಮರದ ತಲೆ ಕಡಿಯುವುದು ನೆಟ್ಟ ಉದ್ದೇಶವನ್ನೇ ಕಡಿದಂತೆ.

ಹೆಸರು ಅಶೋಕವಾದರೂ ಇದು ಸೀತಾಫಲದ ಕುಟುಂಬಕ್ಕೆ ಸೇರಿದ ಮರ. ಹರೆಗಳೆಲ್ಲ ಕೆಳಮುಖವಾಗಿ, ಕಾಂಡಕ್ಕೆ ಅಂಟಿದಂತೆ ಇಳಿಬಿದ್ದಿರುತ್ತವೆ. ಆ ಇಳಿಜಾರಿನ ಚೆಲುವೆಲ್ಲ ನೆಟ್ಟಗೆ ಮೇಲೇರುವ ಒಂದೇ ತುದಿಯನ್ನು ನಂಬಿಕೊಂಡಿದೆ. ತುದಿ ಕಡಿದರೆ ಗಾಯದ ಕೆಳಗಿನಿಂದ ನಾಲ್ಕಾರು ಚಿಗುರು ಪೈಪೋಟಿಗೆ ಬಿದ್ದು ಏಳುತ್ತವೆ. ಅವುಗಳ ಬುಡ ಗಟ್ಟಿಯಿರುವುದಿಲ್ಲ, ಆಷಾಢದ ಗಾಳಿಗೆ ಸಿಗಿದು ಬೀಳುತ್ತವೆ. ಎತ್ತರದ ಮರ ಅಪಾಯ ಎಂದು ತಲೆ ಕಡಿಸುವವರು ನಿಜವಾದ ಅಪಾಯವನ್ನು ಹುಟ್ಟಿಸುವುದು ಹೀಗೆ. ಹೊರಗಿನ ಕುಡಿಗಳನ್ನು ಕತ್ತರಿಯಿಂದ ಸಮ ಮಾಡುವುದೂ ತಪ್ಪೇ: ಇಳಿಬಿದ್ದ ತುದಿಗಳೇ ಈ ಮರದ ಆಕಾರ.

ಹಾಗಾದರೆ ಕೈ ಹಾಕಬೇಕಾದದ್ದು ಎಲ್ಲಿಗೆ? ಒಳಗೆ. ಹಸಿರು ಪರದೆಯನ್ನು ಸರಿಸಿ ನೋಡಿದರೆ ನೆರಳಿನಲ್ಲಿ ಸತ್ತ ಕಡ್ಡಿಗಳು, ಒಂದಕ್ಕೊಂದು ಉಜ್ಜುವ ಹರೆಗಳು ಕಾಣುತ್ತವೆ. ಅವನ್ನು ತೆಗೆದರೆ ಗಾಳಿಯಾಡುತ್ತದೆ. ಹರೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ತುಸು ಉಬ್ಬಿದ ಭಾಗವಿರುತ್ತದೆ. ಗರಗಸ ಆಡಬೇಕಾದದ್ದು ಅದರ ಹೊರ ಅಂಚಿನಲ್ಲಿ. ಬಳೆಯನ್ನೂ ಸವರಬಾರದು, ಮೊಂಡುಕೋಲನ್ನೂ ಉಳಿಸಬಾರದು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ತೋರಿಸಿದ್ದು ಇದನ್ನೇ: ಮರ ನಮ್ಮ ಚರ್ಮದಂತೆ ಗಾಯ ಮಾಯಿಸಿಕೊಳ್ಳುವುದಿಲ್ಲ, ಕೊಳೆತ ಮುಂದೆ ಹರಡದಂತೆ ಒಳಗೇ ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆಯ ಕೆಲಸ ನಡೆಯುವುದು ಬಳೆಯ ಬಳಿ. ದಪ್ಪ ಹರೆಯಾದರೆ ಮೊದಲು ಅಡಿಯಿಂದ ಅರ್ಧ ಕೊಯ್ದು, ಆಮೇಲೆ ಮೇಲಿನಿಂದ ಕಡಿಯಬೇಕು. ಇಲ್ಲದಿದ್ದರೆ ಅದರ ಭಾರಕ್ಕೆ ಕಾಂಡದ ತೊಗಟೆಯೇ ಸುಲಿದು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಹಸಿ ಗಾಯ ಎಂದರೆ ಶಿಲೀಂಧ್ರಕ್ಕೆ ಆಹ್ವಾನ. ಮಳೆ ಪೂರ್ತಿ ಕಳೆದು, ಹೊಸ ಚಿಗುರು ಬರುವ ಮುನ್ನ, ಡಿಸೆಂಬರ್–ಜನವರಿಯ ಒಣಹವೆಯಲ್ಲಿ ಈ ಕೆಲಸ ಮುಗಿಸುವುದು ಲೇಸು.

ಬುಡ ಕತ್ತಲಾಗಿ ಹಾವು ಸೇರುತ್ತದೆ ಎಂಬ ದೂರಿನಲ್ಲಿ ಹುರುಳಿದೆ. ಅದಕ್ಕೆ ಕೆಳಗಿನ ಹರೆಗಳನ್ನು ಆಳೆತ್ತರದವರೆಗೆ, ಎರಡು ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದರೆ ಸಾಕು. ವಿದ್ಯುತ್ ತಂತಿಯ ಅಡಿಯಲ್ಲಿರುವ ಮರದ ಪ್ರಶ್ನೆ ಮಾತ್ರ ಕಠಿಣ. ಹತ್ತು ಮೀಟರ್ ದಾಟಿ ಬೆಳೆಯುವ ಮರವನ್ನು ಅಲ್ಲಿ ನೆಟ್ಟದ್ದೇ ತಪ್ಪು. ವರ್ಷವರ್ಷವೂ ಅದರ ತಲೆ ಕಡಿಯುವ ಬದಲು ಅನುಮತಿ ಪಡೆದು ತೆಗೆದು, ಅಲ್ಲಿ ಗಿಡ್ಡ ಜಾತಿಯದನ್ನು ನೆಟ್ಟು, ಆಟದ ಮೈದಾನದ ಅಂಚಿನಲ್ಲಿ ಹೊಸದೊಂದು ಅಶೋಕ ನೆಡುವುದು ಸರಿ.