ಕಾಲೇಜು ದಿನಗಳ ಹಾಡು: ಪಾಠ ಮರೆತರೂ ರಾಗ ಮರೆಯದಿರುವುದೇಕೆ?

ರಾಯಚೂರು: ನಗರದಿಂದ ಮಂತ್ರಾಲಯದ ದಾರಿ ಹಿಡಿದ ಟಂಟಂ ಯರಗೇರಾ ಮುಟ್ಟುವಷ್ಟರಲ್ಲಿ ಏಳೆಂಟು ಹಾಡುಗಳು ಮುಗಿದಿರುತ್ತವೆ. ಚಾಲಕನ ಆಯ್ಕೆಗೆ ಭಾಷೆಯ ಹಂಗಿರುವುದಿಲ್ಲ. ಕನ್ನಡದ ಬೆನ್ನಿಗೆ ತೆಲುಗು, ತೆಲುಗಿನ ಬೆನ್ನಿಗೆ ಹಿಂದಿ. ಒತ್ತೊತ್ತಾಗಿ ಕುಳಿತ ವಿದ್ಯಾರ್ಥಿಗಳಿಗೆ ಅದು ದಾರಿ ಸವೆಸುವ ಸದ್ದು, ಅಷ್ಟೆ. ಆದರೆ ಐವತ್ತು ದಾಟಿದ ಪ್ರಯಾಣಿಕರೊಬ್ಬರು ಆ ಗುಂಪಿನಲ್ಲಿದ್ದು, 1990ರ ‘ಆಶಿಕಿ’ ಚಿತ್ರದ ಹಾಡೊಂದರ ಮೊದಲ ನಾದ ಅವರ ಕಿವಿಗೆ ಬಿತ್ತೆನ್ನಿ. ಮರುಕ್ಷಣದಲ್ಲಿ ಅವರ ಮನಸ್ಸು ಅಲ್ಲಿರುವುದಿಲ್ಲ. ಹಾಸ್ಟೆಲ್ಲಿನ ಮಹಡಿ, ಪರೀಕ್ಷೆಯ ಹಿಂದಿನ ರಾತ್ರಿ, ಯಾರಿಂದಲೋ ಕಡ ತಂದ ಟೇಪ್ ರೆಕಾರ್ಡರ್, ಸುಸಲಾ-ಮಿರ್ಚಿಯ ಪೊಟ್ಟಣ, ಹೆಸರೇ ಮರೆತುಹೋಗಿದ್ದ ಸಹಪಾಠಿಯ ಮುಖ ಎಲ್ಲವೂ ಕರೆಯದೆಯೇ ಬಂದು ನಿಲ್ಲುತ್ತವೆ.

ಆ ವರ್ಷಗಳಲ್ಲಿ ರಾತ್ರಿಯೆಲ್ಲ ಕಂಠಪಾಠ ಮಾಡಿದ ಸೂತ್ರಗಳು ಎಂದೋ ಅಳಿಸಿಹೋಗಿವೆ. ಯಾರೂ ಕಲಿಸದ, ಯಾವ ಪರೀಕ್ಷೆಯಲ್ಲೂ ಕೇಳದ ಹಾಡು ಮಾತ್ರ ಪಲ್ಲವಿ, ಚರಣ, ನಡುವಿನ ಕೊಳಲಿನ ತುಣುಕಿನ ಸಮೇತ ಉಳಿದಿದೆ. ಇದು ಭಾವುಕತೆಯ ಮಾತು ಮಾತ್ರವಲ್ಲ. ಮನೋವಿಜ್ಞಾನವು ನಾಲ್ಕು ದಶಕಗಳಿಂದ ಬೆನ್ನು ಹತ್ತಿರುವ ಪ್ರಶ್ನೆ.

ನೆನಪಿನ ಉಬ್ಬು

ವಯಸ್ಸಾದವರನ್ನು ಕೂರಿಸಿಕೊಂಡು ಬದುಕಿನ ನೆನಪುಗಳನ್ನು ಕೇಳುತ್ತ, ಪ್ರತಿಯೊಂದೂ ಯಾವ ವಯಸ್ಸಿಗೆ ಸೇರಿದ್ದೆಂದು ಗುರುತು ಹಾಕುತ್ತ ಹೋದರೆ ಒಂದು ವಿಚಿತ್ರ ಕಾಣಿಸುತ್ತದೆ. ಇತ್ತೀಚಿನ ಘಟನೆಗಳು ಹೆಚ್ಚು, ಹಿಂದೆ ಸರಿದಂತೆ ಕಡಿಮೆ ಎಂಬುದು ನಿರೀಕ್ಷಿತವೇ. ಆದರೆ ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ನೆನಪುಗಳ ಸಂಖ್ಯೆ ಮತ್ತೆ ಏರುತ್ತದೆ. ಅಮೆರಿಕದ ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ಗಮನಕ್ಕೆ ತಂದ ಈ ಏರನ್ನು ‘ನೆನಪಿನ ಉಬ್ಬು’ ಎನ್ನಬಹುದು.

ಮೊದಲ ಬಾರಿಗೆ ಮನೆ ಬಿಟ್ಟದ್ದು, ಮೊದಲ ಗೆಳೆತನ, ಮೊದಲ ಸೋಲು, ಹೇಳಿಕೊಳ್ಳಲಾಗದ ಮೊದಲ ಒಲವು ಎಲ್ಲವೂ ಈ ಅವಧಿಯಲ್ಲೇ ಬರುತ್ತವೆ. ‘ನಾನು ಯಾರು’ ಎಂಬ ಪ್ರಶ್ನೆಗೆ ಮನುಷ್ಯ ಉತ್ತರ ಕಟ್ಟಿಕೊಳ್ಳುವುದೂ ಆಗಲೇ. ಆ ಕಟ್ಟಡಕ್ಕೆ ಬಳಕೆಯಾದ ಸಾಮಗ್ರಿ ಸುಲಭವಾಗಿ ಕಳಚುವುದಿಲ್ಲ. ಹಾಡು ಅಂಥ ಸಾಮಗ್ರಿಗಳಲ್ಲೊಂದು.

ಹಾಡಿನ ವಿಷಯಕ್ಕೇ ಬಂದರೆ, 1989ರಲ್ಲಿ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಸಂಶೋಧಕರು ಬೇರೆ ಬೇರೆ ಕಾಲದ ಜನಪ್ರಿಯ ಹಾಡುಗಳನ್ನು ಬೇರೆ ಬೇರೆ ವಯಸ್ಸಿನವರಿಗೆ ಕೇಳಿಸಿ ಅಂಕ ಕೊಡಲು ಹೇಳಿದರು. ಕೇಳುಗರಿಗೆ ಸರಾಸರಿ 23.5 ವರ್ಷವಾಗಿದ್ದಾಗ ಬಂದ ಹಾಡುಗಳೇ ಹೆಚ್ಚು ಮೆಚ್ಚುಗೆ ಗಳಿಸಿದವು. ನಂತರದ ಕೆಲವು ಅಧ್ಯಯನಗಳು ಈ ವಯಸ್ಸನ್ನು ಹದಿಹರೆಯದ ಕೊನೆಯತ್ತ ತಂದಿವೆ. ಹೇಗಾದರೂ ಅದು ಕಾಲೇಜಿನ ಆವರಣವನ್ನು ಬಿಟ್ಟು ದೂರ ಹೋಗಿಲ್ಲ. ‘ನಮ್ಮ ಕಾಲದ ಹಾಡೇ ಹಾಡು, ಈಗಿನದು ಗದ್ದಲ’ ಎಂದು ಪ್ರತಿ ತಲೆಮಾರಿನ ಹಿರಿಯರೂ ನುಡಿಯುವ ತೀರ್ಪಿನಲ್ಲಿ ಸಂಗೀತದ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂಬ ಸಂಶಯಕ್ಕೆ ಇಲ್ಲಿ ಆಸ್ಪದವಿದೆ.

ಮಿದುಳಿನೊಳಗಿನ ಕತೆಯೂ ಸ್ವಲ್ಪಮಟ್ಟಿಗೆ ತಿಳಿದಿದೆ. ಕ್ಯಾಲಿಫೋರ್ನಿಯಾದ ಪೀಟರ್ ಜನಾಟಾ ಅವರು ಯುವಕ ಯುವತಿಯರಿಗೆ ಅವರ 8ರಿಂದ 18ರ ವಯಸ್ಸಿನಲ್ಲಿ ಜನಪ್ರಿಯವಾಗಿದ್ದ ಹಾಡುಗಳ ತುಣುಕುಗಳನ್ನು ಕೇಳಿಸುತ್ತ ಮಿದುಳಿನ ಚಿತ್ರ ತೆಗೆದರು. ನೆನಪು ತರುವ ಹಾಡು ಬಂದಾಗ ಹಣೆಯ ಹಿಂಭಾಗದ ಒಂದು ಪ್ರದೇಶ ಚುರುಕುಗೊಂಡಿತು. ತನ್ನತನದ ಅರಿವು, ಭಾವನೆ ಮತ್ತು ಸಂಗೀತ ಮೂರೂ ಸಂಧಿಸುವ ತಾಣವದು ಎಂಬುದು 2009ರಲ್ಲಿ ಪ್ರಕಟವಾದ ಅವರ ನಿಲುವು. ಅದಕ್ಕೆ ಮುಂಚಿನ ಅಧ್ಯಯನವೊಂದರಲ್ಲಿ ಕೇಳಿಸಿದ ತುಣುಕುಗಳ ಪೈಕಿ ಸರಾಸರಿ ಶೇ. 30ರಷ್ಟು ಮಾತ್ರ ಸ್ವಂತ ಬದುಕಿನ ನೆನಪನ್ನು ಕರೆತಂದಿದ್ದವು. ಪರಿಚಿತ ಹಾಡೆಲ್ಲ ನೆನಪಿನ ಹಾಡಲ್ಲ.

ಸದಾ ಕೇಳಿದ್ದು ಏನನ್ನೂ ನೆನಪಿಸದು

ಈ ವ್ಯತ್ಯಾಸ ರಾಯಚೂರು ಸೀಮೆಯವರಿಗೆ ಚೆನ್ನಾಗಿ ಅರ್ಥವಾಗಬೇಕು. ಕೃಷ್ಣಾ-ತುಂಗಭದ್ರೆಯರ ನಡುವಿನ ಈ ನೆಲ ಹರಿದಾಸರ ನೆಲ. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನಲ್ಲಿದೆ. ವಿಜಯದಾಸರ ಚೀಕಲಪರವಿ ಮಾನ್ವಿಯ ಸೀಮೆಯದು. ಜಗನ್ನಾಥದಾಸರ ಹೆಸರಂತೂ ಮಾನ್ವಿ ಪಟ್ಟಣದೊಂದಿಗೇ ಬೆಸೆದುಕೊಂಡಿದೆ. ದಾಸರ ಪದಗಳು ಇಲ್ಲಿನ ಎಷ್ಟೋ ಮನೆಗಳಲ್ಲಿ ನಸುಕಿನ ಸದ್ದು. ಆದರೆ ನಿತ್ಯವೂ ಕೇಳುವ ಪದ ಯಾವ ಒಂದು ವರ್ಷಕ್ಕೂ ಅಂಟಿಕೊಳ್ಳುವುದಿಲ್ಲ. ಅದು ಬಾಲ್ಯದಲ್ಲೂ ಇತ್ತು, ಮದುವೆಯಲ್ಲೂ ಇತ್ತು, ಇಂದು ಬೆಳಿಗ್ಗೆಯೂ ಇತ್ತು. ಒಂದೇ ಗೂಟಕ್ಕೆ ಸಾವಿರ ಅಂಗಿ ತೂಗುಹಾಕಿದರೆ ಬೇಕಾದ ಅಂಗಿ ಸಿಗುವುದು ಕಷ್ಟ.

ಕಾಲೇಜಿನ ಎರಡು ವರ್ಷ ಹುಚ್ಚು ಹಿಡಿದಂತೆ ಕೇಳಿ, ಆಮೇಲೆ ಕೈಬಿಟ್ಟ ಚಿತ್ರಗೀತೆಯ ಪಾಡು ಬೇರೆ. ನಡುವಿನ ಇಪ್ಪತ್ತು ವರ್ಷ ಅದರ ಮೇಲೆ ಬೇರೇನೂ ಬರೆಯದೆ ಬಿಟ್ಟಿದೆ. ಹಾಗಾಗಿ ಮೆಚ್ಚಿನ ಹಾಡಿಗಿಂತ ಮರೆತ ಹಾಡೇ ಹೆಚ್ಚು ಬಲವಾಗಿ ತಟ್ಟುವುದುಂಟು. ಅಂಥ ಹಾಡನ್ನು ಮೊಬೈಲಿನಲ್ಲಿ ಹುಡುಕಿ ದಿನವೂ ಹಾಕಿಕೊಂಡರೆ, ಕೆಲವೇ ತಿಂಗಳಲ್ಲಿ ಅದು ಇಂದಿನ ಅಡುಗೆಮನೆಯನ್ನೋ ಕಚೇರಿಯ ದಾರಿಯನ್ನೋ ನೆನಪಿಸುವ ಹಾಡಾಗಿಬಿಡಬಹುದು.

ಬುಧವಾರದ ರೇಡಿಯೊದಿಂದ ಕ್ಯಾಸೆಟ್ಟಿನವರೆಗೆ

ಪಾಶ್ಚಾತ್ಯ ಅಧ್ಯಯನಗಳು ಬಹುತೇಕ ಒಂದೇ ಭಾಷೆಯ ಹಾಡುಗಳ ಪಟ್ಟಿಯನ್ನು ಹಿಡಿದು ನಡೆದವು. ರಾಯಚೂರಿಗೆ ಆ ಅಳತೆಗೋಲು ಸಾಲದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಈ ಜಿಲ್ಲೆಯಲ್ಲಿ ಹಳೆಯ ತಲೆಮಾರು ಓದಿದ್ದು ಉರ್ದು ಮಾಧ್ಯಮದಲ್ಲಿ. ಮನೆಯ ಮಾತು ಕನ್ನಡ, ಸಂತೆಯ ಮಾತು ತೆಲುಗು, ಶಾಲೆಯ ಮಾತು ಉರ್ದು. ಹೆಂಬೇರಾಳದ ಶಾಂತರಸರು ಗಜಲ್ ಎಂಬ ಉರ್ದು ಪ್ರಕಾರವನ್ನು ಕನ್ನಡದಲ್ಲಿ ನೆಲೆಗೊಳಿಸಿದ್ದು ಈ ಹಿನ್ನೆಲೆಯಿಂದಲೇ.

ರೇಡಿಯೊ ಈ ಬೆರಕೆಯನ್ನು ಗಟ್ಟಿಗೊಳಿಸಿತು. ಕೇಂದ್ರ ಸಚಿವ ಬಿ.ವಿ. ಕೇಸ್ಕರ್ ಅವರು 1952ರ ನಂತರ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕಡಿವಾಣ ಹಾಕಿದಾಗ, ದೇಶದ ತರುಣರ ಕಿವಿ ಸಿಲೋನಿನತ್ತ ಹೊರಳಿತು. ಅದೇ ವರ್ಷ ಆರಂಭವಾದ ‘ಬಿನಾಕಾ ಗೀತ್‌ಮಾಲಾ’ಕ್ಕಾಗಿ ಬುಧವಾರದ ರಾತ್ರಿ ಎಂಟು ಗಂಟೆ ಮೀಸಲಾಯಿತು. ರೇಡಿಯೊ ಇದ್ದ ಮನೆ ಅಪರೂಪವಾಗಿದ್ದ ಕಾಲ. ಚಹಾದಂಗಡಿಯ ಬೆಂಚಿನ ಮೇಲೆ, ಒಂದು ಕಪ್ಪು ಚಹಾವನ್ನು ಗಂಟೆಯವರೆಗೆ ಎಳೆಯುತ್ತ, ಅಮೀನ್ ಸಯಾನಿಯವರ ದನಿಯಲ್ಲಿ ಈ ವಾರದ ಮೊದಲ ಸ್ಥಾನ ಯಾವುದಕ್ಕೆಂದು ಕಾಯುವುದು ಅಂದಿನ ವಿದ್ಯಾರ್ಥಿ ಜೀವನದ ಭಾಗ. ಆಕಾಶವಾಣಿ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿಯನ್ನು ಆರಂಭಿಸಿ ತಪ್ಪನ್ನು ತಿದ್ದಿಕೊಂಡಿತು. ಸಯಾನಿಯವರು 2024ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಎಪ್ಪತ್ತು ದಾಟಿದ ಎಷ್ಟೋ ಮಂದಿ ತಮ್ಮ ಕಾಲೇಜಿನ ಬುಧವಾರಗಳನ್ನು ನೆನೆದರು.

ಕ್ಯಾಸೆಟ್ ಬಂದ ಮೇಲೆ ಹಾಡು ವಿದ್ಯಾರ್ಥಿಯ ಕೈಗೆ ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ 1978ರಲ್ಲಿ ಬಂದು, ಭಾವಗೀತೆಯನ್ನು ಕವಿಗೋಷ್ಠಿಯಿಂದ ಹಾಸ್ಟೆಲ್ ಕೊಠಡಿಗೆ ತಂದಿತು. 1987ರಲ್ಲಿ ಹಂಸಲೇಖ ಅವರ ಸಂಗೀತದ ‘ಪ್ರೇಮಲೋಕ’ ಬಂದಾಗ ಕಾಲೇಜೇ ಚಿತ್ರದ ವಸ್ತುವಾಗಿತ್ತು. ಆ ವರ್ಷ ಪದವಿ ತರಗತಿಯಲ್ಲಿದ್ದವರಿಗೆ ಅದರ ಕ್ಯಾಸೆಟ್ ಪಠ್ಯಪುಸ್ತಕಕ್ಕಿಂತ ಹೆಚ್ಚು ಸವೆದಿರಬೇಕು. ಖಾಲಿ ಕ್ಯಾಸೆಟ್ಟು ಕೊಂಡು, ಬೇಕಾದ ಹಾಡುಗಳ ಚೀಟಿ ಬರೆದು, ಅಂಗಡಿಯಲ್ಲಿ ತುಂಬಿಸಿಕೊಳ್ಳುವ ಪದ್ಧತಿಯೂ ಇತ್ತು. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಆರೇಳು ಹಾಡು. ಯಾವುದನ್ನು ಹಾಕಿಸಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆಯಲ್ಲಿ ಕೊಠಡಿಯ ನಾಲ್ವರೂ ಪಾಲುದಾರರು. ಆ ಚೀಟಿಯ ಕೈಬರಹ ಯಾರದೆಂಬುದೂ ಹಾಡಿನೊಂದಿಗೇ ಉಳಿಯುತ್ತದೆ. ಅಂಥವರಿಗೆ ಇಂದಿಗೂ ಒಂದು ಹಾಡು ಮುಗಿಯುತ್ತಿದ್ದಂತೆ, ಆ ಕ್ಯಾಸೆಟ್ಟಿನಲ್ಲಿ ಅದರ ಬೆನ್ನಿಗಿದ್ದ ಹಾಡಿನ ಆರಂಭ ಮನಸ್ಸಿನಲ್ಲಿ ತಾನಾಗಿ ಮೊಳಗುತ್ತದೆ.

ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಈ ಗಡಿಸೀಮೆಗೆ ಹೇಳಿ ಮಾಡಿಸಿದ ಗಾಯಕ. 1989ರ ತೆಲುಗು ‘ಗೀತಾಂಜಲಿ’ಯನ್ನೂ ಅದೇ ವರ್ಷದ ಹಿಂದಿ ‘ಮೈನೆ ಪ್ಯಾರ್ ಕಿಯಾ’ವನ್ನೂ ಆಗಿನ ಕನ್ನಡ ಚಿತ್ರಗೀತೆಗಳನ್ನೂ ಒಂದೇ ಕಂಠದಲ್ಲಿ ಕೇಳಿದ ರಾಯಚೂರಿನ ತರುಣನಿಗೆ ಭಾಷೆಯ ಗೋಡೆ ಅಡ್ಡ ಬಂದಿರಲಾರದು. 2020ರ ಸೆಪ್ಟೆಂಬರ್ 25ರಂದು ಅವರು ನಿಧನರಾದಾಗ ಇಲ್ಲಿನವರು ಮೂರು ಭಾಷೆಗಳಲ್ಲಿ ದುಃಖಪಟ್ಟರು.

ಕಿವಿಗೊಂದು ತಂತಿ

ಯರಗೇರಾದಲ್ಲಿ ಹಿಂದೆ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. 2021ರಲ್ಲಿ ಅದು ರಾಯಚೂರು ವಿಶ್ವವಿದ್ಯಾಲಯವಾಯಿತು. ಈಗ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರು ಹೊತ್ತಿದೆ. ರಾಯಚೂರು, ಯಾದಗಿರಿ ಜಿಲ್ಲೆಗಳ ಕಾಲೇಜುಗಳು ಇದರ ವ್ಯಾಪ್ತಿಯವು. ದೇವದುರ್ಗದಿಂದಲೋ ಮಾನ್ವಿಯಿಂದಲೋ ಇಲ್ಲಿಗೆ ಬರುವ ವಿದ್ಯಾರ್ಥಿಗೆ ಹಾಡಿನ ಬರವಿಲ್ಲ. ಜಗತ್ತಿನ ಹಾಡೆಲ್ಲ ಜೇಬಿನಲ್ಲಿದೆ. ಕೇಳುವವನು ಮಾತ್ರ ಒಬ್ಬನೇ.

ಇದರಿಂದ ಏನು ಕಳೆದುಹೋದೀತು ಎಂಬುದಕ್ಕೆ ಒಂದು ಸುಳಿವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳನ್ನು ಕೇಳಿಸಲಾಯಿತು. ತಮ್ಮ ಕಾಲದ ಹಾಡುಗಳಿಗೆ ಅವರು ಸ್ಪಂದಿಸಿದ್ದು ಸಹಜ. ಆದರೆ ತಾವು ಹುಟ್ಟುವ ಮುನ್ನ, ತಮ್ಮ ತಂದೆತಾಯಿ ತರುಣರಾಗಿದ್ದಾಗ ಬಂದ ಹಾಡುಗಳಿಗೂ ಅವರಲ್ಲಿ ನೆನಪಿನ ಉಬ್ಬು ಕಂಡಿತು. ಮನೆಯಲ್ಲಿ ಗಟ್ಟಿಯಾಗಿ ಮೊಳಗಿದ ಹಾಡು ಮಕ್ಕಳಿಗೆ ಆಸ್ತಿಯಂತೆ ಬಂದಿತ್ತು. ಮನೆಮಂದಿಯೆಲ್ಲ ಕಿವಿಗೆ ತಂತಿ ಸಿಕ್ಕಿಸಿಕೊಂಡ ಮನೆಯಲ್ಲಿ ಈ ಆಸ್ತಿ ಕೈಬದಲಾಗುವ ಬಗೆ ಹೇಗೆ?

ಒಟ್ಟಾಗಿ ಕೇಳುವ ಸಂದರ್ಭಗಳು ಪೂರ್ತಿ ಅಳಿದಿಲ್ಲ, ನಿಜ. ಬೀಳ್ಕೊಡುಗೆ ಸಮಾರಂಭ ಇನ್ನೂ ಉಳಿದಿದೆ. ಗಾಯಕ ಕೆ.ಕೆ. ಅವರ 1999ರ ‘ಪಲ್’ ಧ್ವನಿಸುರುಳಿಯ ಹಾಡುಗಳು ಎರಡು ದಶಕ ದೇಶದ ಕಾಲೇಜುಗಳ ಬೀಳ್ಕೊಡುಗೆಯ ಹಾಡುಗಳಾಗಿದ್ದವು. 2022ರ ಮೇ 31ರಂದು ಕೋಲ್ಕತ್ತದಲ್ಲಿ ಅವರು ಕೊನೆಯುಸಿರೆಳೆದದ್ದೂ ಕಾಲೇಜು ಉತ್ಸವವೊಂದರಲ್ಲಿ ಹಾಡಿ ಮುಗಿಸಿದ ಕೆಲವೇ ಹೊತ್ತಿನಲ್ಲಿ.

ಇನ್ನು ಈ ವಿಷಯಕ್ಕೆ ವೈದ್ಯಕೀಯ ಮುಖವೊಂದಿದೆ. ಅಲ್‌ಝೈಮರ್ಸ್ ಕಾಯಿಲೆಯಲ್ಲಿ ಬಹುಕಾಲದ ಪರಿಚಿತ ಹಾಡುಗಳ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಉಳಿದವುಗಳಿಗಿಂತ ತಡವಾಗಿ ಹಾನಿಗೊಳ್ಳುತ್ತವೆ ಎಂಬುದಕ್ಕೆ 2015ರ ಅಧ್ಯಯನವೊಂದು ಆಧಾರ ಒದಗಿಸಿತು. ಮಗನ ಹೆಸರು ಮರೆತವರು ಹಾಡಿಗೆ ದನಿಗೂಡಿಸುವುದನ್ನು ಆರೈಕೆ ಮಾಡುವವರು ಕಂಡಿದ್ದಾರೆ. ಇದು ಕಾಯಿಲೆಯನ್ನು ವಾಸಿಮಾಡದು. ಆ ಹೊತ್ತಿಗೆ ನೆಮ್ಮದಿ, ಒಂದಿಷ್ಟು ಮಾತು ದೊರೆಯಬಹುದು.

ಆದರೆ ಯಾವ ಹಾಡು? ಅಜ್ಜನಿಗೆ ಭಜನೆಯೇ ಸಾಕೆಂದು ಮನೆಯವರು ಭಾವಿಸುವುದು ರೂಢಿ. ಲೆಕ್ಕ ಹಾಕಿ ನೋಡಬೇಕು. 1942ರಲ್ಲಿ ಹುಟ್ಟಿದವರಿಗೆ 1957ರಲ್ಲಿ ಹದಿನೈದು, 1964ರಲ್ಲಿ ಇಪ್ಪತ್ತೆರಡು. ರಾಯಚೂರಿನವರಾದರೆ ಅವರ ಹಾಡು 1957ರ ತೆಲುಗು ‘ಮಾಯಾಬಜಾರ್’ನದಾಗಿರಬಹುದು, ನೌಷಾದರ ಸಂಗೀತದ 1960ರ ‘ಮುಘಲ್-ಎ-ಆಜಮ್’ನದಾಗಿರಬಹುದು, ಡಾ. ರಾಜ್‌ಕುಮಾರ್ ಅಭಿನಯದ ಅದೇ ವರ್ಷದ ‘ರಣಧೀರ ಕಂಠೀರವ’ದ್ದೂ ಆಗಿರಬಹುದು. ಭಾಷೆ ಯಾವುದೆಂಬುದನ್ನೂ ಊಹಿಸಲಾಗದು. ಹೇಳಬಲ್ಲವರು ಅವರೊಬ್ಬರೇ. ನೆನಪು ಗಟ್ಟಿಯಾಗಿರುವಾಗಲೇ ಕೇಳಿ, ಹತ್ತು ಹಾಡುಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲು ಒಂದು ಸಂಜೆ ಸಾಕಾಗುತ್ತದೆ. ಅವರು ಪ್ರತಿ ಹಾಡಿಗೂ ಒಂದೊಂದು ಕತೆ ಹೇಳತೊಡಗಿದರೆ ಮಾತ್ರ ಎರಡು ಮೂರು ಸಂಜೆ ಬೇಕಾದೀತು.