ಜಾಮೀನಿನ ರುಜುವಿಗೆ ಮುಂಚೆ

ಬ್ಯಾಂಕಿನ ಸಾಲದ ಅಧಿಕಾರಿ ಹೆಣ್ಣು ಕೊಡುವ ಮನೆಯ ಹಿರಿಯರಂತೆ ಪ್ರಶ್ನೆ ಕೇಳುತ್ತಾರೆ: ಸಂಬಳವೆಷ್ಟು, ಉಣ್ಣುವವರೆಷ್ಟು ಮಂದಿ, ಬೇರೆ ಸಾಲವುಂಟೆ? ಬೇಸರಪಡಬೇಡಿ. ಕಂತು ಕಟ್ಟಿ ಉಳಿದ ಹಣದಲ್ಲಿ ನಿಮ್ಮ ಸಂಸಾರ ಸಾಗೀತೆ ಎಂದು ನೋಡುವುದೇ ಅವರ ಮೊದಲ ಕೆಲಸ. ಮನೆ ಹರಾಜಿಗೆ ಬಂದರೆ ಬ್ಯಾಂಕಿಗೂ ಸುಖವಿಲ್ಲ. ಋಣಭಾರ ಪತ್ರದಲ್ಲಿ ಹಳೆಯ ಅಡಮಾನವೇನಾದರೂ ಕಂಡರೆ ಅದು ತೀರಿದ ದಾಖಲೆಯನ್ನೂ ಕೇಳುತ್ತಾರೆ.

ಜಾಮೀನುದಾರರ ಮಾತು ಬೇರೆ. "ಸುಮ್ಮನೆ ಒಂದು ರುಜು, ಭಾವ" ಎಂದು ಭಾವಮೈದ ಕರೆದೊಯ್ಯುತ್ತಾನೆ; ದಾರಿಯಲ್ಲಿ ಕಾಫಿಯೂ ಆಗಿರುತ್ತದೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಪತ್ರದಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೆ. ಮೊದಲು ಸಾಲಗಾರನನ್ನೇ ಹಿಡಿಯಬೇಕೆಂಬ ಕಟ್ಟಳೆ ಬ್ಯಾಂಕಿಗಿಲ್ಲ. ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. ಆ ಸಾಲ ನಿಮ್ಮ ಸಿಬಿಲ್ ವರದಿಯಲ್ಲಿಯೂ ಸೇರುತ್ತದೆ. ನಾಳೆ ಮಗಳ ಓದಿಗೆ ಸಾಲ ಬೇಕೆಂದಾಗ ಅಧಿಕಾರಿ ಅದನ್ನೇ ಎತ್ತಿಯಾರು.

ಒಳ್ಳೆಯ ಅಧಿಕಾರಿ ಜಾಮೀನುದಾರನನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಇದನ್ನೆಲ್ಲ ತಿಳಿಸುತ್ತಾರೆ. ತಿಳಿಸದಿದ್ದರೆ ನೀವೇ ಕೇಳಿರಿ: ಮೊತ್ತವೆಷ್ಟು, ಅವಧಿಯೆಷ್ಟು, ಕಂತು ತಪ್ಪಿದರೆ ನನಗೆ ಹೇಳಿ ಕಳುಹಿಸುವಿರಾ? ಕರಾರಿನ ಪ್ರತಿಯನ್ನೂ ಕೇಳಿ ಪಡೆದು ನಿಧಾನವಾಗಿ ಓದಿರಿ. ಭಾವಮೈದ ಹೊರಗೆ ಬೆಂಚಿನ ಮೇಲೆ ಕಾಯಲಿ.