ಮಹಾಪ್ರಬಂಧ ಮತ್ತು ತೊಟ್ಟಿಲು: ಕಾಲಾವಕಾಶವೊಂದೇ ಸಾಲದು

ಪಿಎಚ್.ಡಿ. ಪದವಿಗೆ ನಮ್ಮ ಸಮಾಜದಲ್ಲಿ ದೊರೆಯುವ ಗೌರವ, ಅದಕ್ಕಾಗಿ ಸವೆಸಬೇಕಾದ ವರ್ಷಗಳಿಗೆ ದೊರೆಯುವುದಿಲ್ಲ. ಆ ವರ್ಷಗಳಲ್ಲಿಯೇ ತಾಯ್ತನವೂ ಕೂಡಿಬಂದರೆ ಸಂಶೋಧನಾರ್ಥಿಯ ಪಾಡನ್ನು ಕೇಳುವವರೇ ವಿರಳ. ಕಿರಿಯ ಸಂಶೋಧನಾ ಫೆಲೋಶಿಪ್ಪಿಗೆ ಸಾಮಾನ್ಯ ವಯೋಮಿತಿ 30 ವರ್ಷ. ಮಹಿಳೆಯರಿಗೆ ಐದು ವರ್ಷಗಳ ರಿಯಾಯಿತಿಯುಂಟು. ಮದುವೆ, ಹೆರಿಗೆ, ಎಳೆಗೂಸಿನ ಆರೈಕೆಗಳೆಲ್ಲವೂ ಒದಗುವ ವಯಸ್ಸೂ ಅದೇ ಆಗಿದೆ.

ನಿಯಮಗಳು ಇದನ್ನು ಗಮನಿಸಿಯೇ ಇಲ್ಲವೆನ್ನಲಾಗದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯಂತೆ ಪಿಎಚ್.ಡಿ. ಅಧ್ಯಯನಕ್ಕೆ ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ. ಮಹಿಳೆಯರಿಗೆ ಮತ್ತೆರಡು ವರ್ಷ ಸೇರಿ ಒಟ್ಟು ಹತ್ತು ವರ್ಷಗಳವರೆಗೆ ಅವಕಾಶವುಂಟು. ಹೆರಿಗೆ ಹಾಗೂ ಶಿಶುಪಾಲನೆಗೆಂದು ಇಡೀ ಅವಧಿಯಲ್ಲಿ 240 ದಿನಗಳ ರಜೆಯನ್ನೂ ನೀಡಬಹುದು. ಆದರೆ ಆಯೋಗದ ಫೆಲೋಶಿಪ್ ಸಿಗುವುದು ಐದು ವರ್ಷ ಮಾತ್ರ. 2023ರ ಜನವರಿಯಿಂದ ಅದರ ಮೊತ್ತ ಕಿರಿಯ ಹಂತದಲ್ಲಿ ತಿಂಗಳಿಗೆ 37,000 ರೂಪಾಯಿ, ಹಿರಿಯ ಹಂತದಲ್ಲಿ 42,000 ರೂಪಾಯಿ. ಅಂದರೆ, ಮಗುವಿನ ಕಾರಣದಿಂದ ಅಧ್ಯಯನ ತಡವಾದವಳಿಗೆ ಕಾಲಾವಕಾಶವನ್ನು ಹಿಗ್ಗಿಸಿದ್ದೇವೆ, ಆದಾಯವನ್ನಲ್ಲ.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಮನೆಯೊಳಗೆ ವ್ಯಯವಾಗುವ ಸಮಯಕ್ಕೂ ಬೆಲೆಯುಂಟೆಂಬುದನ್ನು 1965ರಷ್ಟು ಹಿಂದೆಯೇ ಸಿದ್ಧಾಂತವಾಗಿ ಮಂಡಿಸಿದ್ದರು. ಸ್ತ್ರೀ-ಪುರುಷರ ಗಳಿಕೆಯಲ್ಲಿನ ಅಂತರದ ಬಹುಪಾಲು ಮೊದಲ ಮಗು ಜನಿಸಿದ ಬಳಿಕ ತಲೆದೋರುತ್ತದೆ ಎಂಬುದನ್ನು, 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಅಂಕಿ-ಅಂಶಗಳಿಂದ ತೋರಿಸಿದರು. ಹೊತ್ತು-ಗೊತ್ತಿಲ್ಲದೆ ದುಡಿಯುವವರಿಗೆ ಹೆಚ್ಚು ಪ್ರತಿಫಲ ನೀಡುವ ಉದ್ಯೋಗಗಳನ್ನು ಅವರು ‘ದುರಾಸೆಯ ಕೆಲಸ’ಗಳೆನ್ನುತ್ತಾರೆ. ಸಂಶೋಧನೆಯೂ ಅಂಥದೇ ಕೆಲಸ. ವ್ಯತ್ಯಾಸವೆಂದರೆ ಇಲ್ಲಿ ಪ್ರತಿಫಲದ ಖಾತರಿಯೂ ಇಲ್ಲ.

ನನ್ನ ಮಗಳು ಆರ್ಥಿಕ ಇತಿಹಾಸದಲ್ಲಿ ಸಂಶೋಧನೆ ಕೈಗೊಂಡಿದ್ದಾಳೆ. ಮೊಮ್ಮಗನಿಗೆ ಎರಡೂವರೆ ವರ್ಷ. ಅವಳು ಪತ್ರಾಗಾರಕ್ಕೆ ಹೋಗುವ ದಿನಗಳಲ್ಲಿ ಮಗು ನಮ್ಮ ಮನೆಯಲ್ಲಿರುತ್ತದೆ. ಕಳೆದ ವರ್ಷ ಅವಳ ವಿದ್ಯಾರ್ಥಿವೇತನ ಐದು ತಿಂಗಳು ಬರಲಿಲ್ಲ. ಅದೇ ಅವಧಿಯಲ್ಲಿ ಅರ್ಧವಾರ್ಷಿಕ ಪ್ರಗತಿ ಪರಿಶೀಲನೆಯ ಹಿಂದಿನ ರಾತ್ರಿ ಮಗುವಿಗೆ ಜ್ವರ ಬಂದಿತು. ಮಂಡಿಸಿದ ಅಧ್ಯಾಯವನ್ನು ಸಮಿತಿ ಹಿಂದಿರುಗಿಸಿತು. ‘ಇನ್ನೂ ಓದು ಮುಗಿದಿಲ್ಲವೇನಮ್ಮಾ?’ ಎಂದು ನೆರೆಯವರು ಸಹಜವಾಗಿಯೇ ಕೇಳಿದ ಪ್ರಶ್ನೆಗೆ ಅವಳು ಅತ್ತುಬಿಟ್ಟಳು. ಎರಡು ತಿಂಗಳ ಬಳಿಕ ಅದೇ ಅಧ್ಯಾಯ ಒಪ್ಪಿತವಾದಾಗ ಮಗುವನ್ನೆತ್ತಿಕೊಂಡು ಕುಣಿದಳು. ಕಡತಗಳಿಂದ ಬೇಸತ್ತ ದಿನ ಮಗುವೂ, ಮಗುವಿನ ಹಟದಿಂದ ಬಳಲಿದ ದಿನ ಕಡತಗಳೂ ಅವಳಿಗೆ ನೆಮ್ಮದಿ ನೀಡಿದ್ದನ್ನು ನಾನು ಕಂಡಿದ್ದೇನೆ. ಎರಡರಲ್ಲಿ ಒಂದನ್ನು ಬಿಡು ಎನ್ನುವ ಹಿತೈಷಿಗಳಿಗೆ ಈ ಸಂಗತಿ ತಿಳಿಯದು.

ಇಂತಹ ಏರಿಳಿತಗಳನ್ನು ನಾವು ಹೆಣ್ಣಿನ ಮನೋದೌರ್ಬಲ್ಯವೆಂದೋ ಕುಟುಂಬದ ಖಾಸಗಿ ವಿಷಯವೆಂದೋ ಬದಿಗಿರಿಸುತ್ತೇವೆ. ಸಂಶೋಧನೆಯಲ್ಲಿ ನಿರಾಶೆ ಸಹಜ, ಮಗುವಿಗೆ ಜ್ವರ ಬರುವುದೂ ಸಹಜ; ಇವುಗಳನ್ನು ಯಾವ ಸುತ್ತೋಲೆಯೂ ತಡೆಯಲಾರದು. ಆದರೆ ಐದು ತಿಂಗಳು ಹಣ ಬಾರದಿರುವುದು ಸಹಜವಲ್ಲ. ಮಗುವನ್ನು ಬಿಟ್ಟುಹೋಗಲು ಸ್ಥಳವಿಲ್ಲದಿರುವುದೂ ಸಹಜವಲ್ಲ. ಅವು ಆಡಳಿತದ ಲೋಪಗಳು, ಆಡಳಿತವೇ ಸರಿಪಡಿಸಬೇಕಾದಂಥವು. ಆಡಳಿತ ಸೇವೆಯಲ್ಲಿ ಹಲವು ದಶಕ ಕಳೆದ ನಾನು ಇದನ್ನು ಖಚಿತವಾಗಿ ಹೇಳಬಲ್ಲೆ.

ನೌಕರರ ವಿಷಯದಲ್ಲಿ ಕಾನೂನು ಇಷ್ಟು ಉದಾಸೀನವಾಗಿಲ್ಲ. ಕೇಂದ್ರ ಸರ್ಕಾರ 2008ರಲ್ಲಿಯೇ ತನ್ನ ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಮಂಜೂರು ಮಾಡಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಸಂಶೋಧನಾರ್ಥಿ ನೌಕರಳಲ್ಲ, ವಿದ್ಯಾರ್ಥಿನಿ. ಹೀಗಾಗಿ ಪ್ರಾಧ್ಯಾಪಕಿಗೆ ಹಕ್ಕಾಗಿರುವುದು ಅವಳ ವಿದ್ಯಾರ್ಥಿನಿಗೆ ಔದಾರ್ಯವಾಗುತ್ತದೆ.

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ವೇತನದಂತೆ ವಿದ್ಯಾರ್ಥಿವೇತನವೂ ನಿಗದಿತ ದಿನಾಂಕದಂದು ಕೈಸೇರಬೇಕು. ಹೆರಿಗೆ, ಶಿಶುಪಾಲನೆಗೆ ಕಳೆದ ತಿಂಗಳುಗಳಷ್ಟು ಫೆಲೋಶಿಪ್ ಅವಧಿಯೂ ವಿಸ್ತರಣೆಯಾಗಬೇಕು. ವಿಶ್ವವಿದ್ಯಾನಿಲಯಗಳ ಶಿಶುಪಾಲನಾ ಕೇಂದ್ರಗಳಲ್ಲಿ ಸಂಶೋಧನಾರ್ಥಿಗಳ ಮಕ್ಕಳಿಗೂ ಪ್ರವೇಶವಿರಬೇಕು. 240 ದಿನಗಳ ರಜೆಯ ನಿಯಮ ಮಹಿಳೆಯರನ್ನಷ್ಟೇ ಹೆಸರಿಸುತ್ತದೆ. ತಂದೆಯಾದ ಸಂಶೋಧನಾರ್ಥಿಗೂ ಅದರಲ್ಲಿ ಒಂದು ಪಾಲು ಸಿಗಲಿ. ಮಗು ಇಬ್ಬರದೆಂದು ನಿಯಮವೇ ಒಪ್ಪದಿದ್ದರೆ ಮನೆಗಳು ಒಪ್ಪುವುದು ಹೇಗೆ?

ನಮ್ಮ ಮನೆಯಲ್ಲಿ ನಿವೃತ್ತ ತಾತನೂ ಅಜ್ಜಿಯೂ ಇದ್ದೇವೆ. ಬೀದರ್‌ನಿಂದಲೋ ಚಾಮರಾಜನಗರದಿಂದಲೋ ಬಂದು ಬಾಡಿಗೆಯ ಕೋಣೆಯಲ್ಲಿ ಮಗುವಿನೊಡನೆ ಮಹಾಪ್ರಬಂಧ ಬರೆಯುವ ಹೆಣ್ಣುಮಗಳಿಗೆ ಆ ಆಸರೆಯೂ ಇಲ್ಲ. ಆಕೆ ಅರ್ಧಕ್ಕೆ ಬಿಟ್ಟುಹೋದರೆ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಅವಳು ಬರೆಯದೆ ಬಿಟ್ಟ ಅಧ್ಯಾಯಗಳ ನಷ್ಟ ನಾಡಿನದು.